ಕಲ್ನಾರು, ಸೀಸ, ಹಳೆಯ ಗೋದಾಮು: ಕಟ್ಟಡಗಳ ವಿಷ ತೆಗೆಯುವ ಎಂಜಿನಿಯರ್ ಆಗುವ ಬಗೆ

ಏಪ್ರಿಲ್ ಮುಗಿಯುತ್ತ ಬಂದಂತೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮನೆಮನೆಯಲ್ಲೂ ಮಾಡಿನ ಕೆಲಸ ಶುರುವಾಗುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಒಡೆದ ಹಂಚು ಬದಲಿಸಬೇಕು, ಮಾಡಿನ ನೀರು ಹರಿಯುವ ದಂಬೆಯಲ್ಲಿ ತುಂಬಿದ ತರಗೆಲೆ ತೆಗೆಯಬೇಕು, ಅಡಿಕೆ ಕೊಟ್ಟಿಗೆಯ ಸಿಮೆಂಟ್ ಶೀಟಿನ ಮೇಲೆ ಕಳೆದ ಮಳೆಗಾಲದಲ್ಲಿ ಹಬ್ಬಿ ಈಗ ಒಣಗಿ ಕಪ್ಪಾಗಿರುವ ಪಾಚಿಯನ್ನು ಕೆರೆಯಬೇಕು. ಈ ಕೊನೆಯ ಕೆಲಸಕ್ಕೆ ಹೆಚ್ಚಿನವರು ಹಿಡಿಯುವುದು ತಂತಿಯ ಬ್ರಷ್ಷನ್ನು. ಕೆರೆಯುವವನು ಮುಖಕ್ಕೊಂದು ಬೈರಾಸು (ಟವೆಲು) ಸುತ್ತಿಕೊಂಡಿರುತ್ತಾನೆ; ಕೆಳಗೆ ಅಂಗಳದಲ್ಲಿ ಬೂದಿ ಬಣ್ಣದ ಹುಡಿ ಬೀಳುತ್ತಿರುತ್ತದೆ; ಸಂಜೆ ಯಾರೋ ಒಬ್ಬರು ಅದನ್ನು ಹಿಡಿಸೂಡಿಯಿಂದ ಗುಡಿಸುತ್ತಾರೆ. ಆ ಹುಡಿಯಲ್ಲಿ ಪಾಚಿಯ ಜೊತೆಗೆ ಶೀಟಿನ ಮೇಲ್ಪದರವೂ ಇರುತ್ತದೆ, ಮೇಲ್ಪದರದಲ್ಲಿ ಕಲ್ನಾರಿನ ಎಳೆಗಳಿರುತ್ತವೆ. ಆಸ್ಬೆಸ್ಟಾಸ್ ಎಂಬುದಕ್ಕೆ ಕನ್ನಡದಲ್ಲಿರುವ ಈ ಹೆಸರು ಅದರ ಗುಣವನ್ನೇ ಹೇಳುತ್ತದೆ: ಅದು ನಾರಾಗಿ ಸೀಳುವ ಕಲ್ಲು. ಸೀಳುತ್ತ ಹೋದಂತೆ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತವೆಯೇ ಹೊರತು ಕರಗುವುದಿಲ್ಲ, ಕೊಳೆಯುವುದೂ ಇಲ್ಲ.

ಪರಿಸರ ಎಂಜಿನಿಯರ್ ಎಂದ ಕೂಡಲೇ ಕುಡಿಯುವ ನೀರು, ಒಳಚರಂಡಿ, ಕಾರ್ಖಾನೆಯ ಹೊಗೆ ಇವಷ್ಟೇ ನೆನಪಿಗೆ ಬರುತ್ತವೆ. ಅದೇ ವಿದ್ಯೆಯ ಇನ್ನೊಂದು ಕವಲು ಕಟ್ಟಡಗಳಿಗೆ ಸಂಬಂಧಿಸಿದ್ದು. ಶಾಲೆ, ಆಸ್ಪತ್ರೆ, ಗೋದಾಮು, ಮನೆಗಳ ಗೋಡೆ, ಮಾಡು, ಬಣ್ಣ, ನೆಲ ಇವುಗಳಲ್ಲಿ ಸೇರಿಕೊಂಡಿರುವ ಅಪಾಯಕಾರಿ ವಸ್ತುಗಳನ್ನು ಗುರುತಿಸುವುದು, ಅವನ್ನು ಇದ್ದಲ್ಲಿಯೇ ಭದ್ರಪಡಿಸಬೇಕೋ ತೆಗೆಯಬೇಕೋ ಎಂದು ನಿರ್ಧರಿಸುವುದು, ತೆಗೆಯುವುದಾದರೆ ಯಾರ ಉಸಿರಿಗೂ ಸೇರದಂತೆ ತೆಗೆಸಿ ಸರಿಯಾದ ಜಾಗಕ್ಕೆ ತಲುಪಿಸುವುದು ಈ ಕೆಲಸದ ವ್ಯಾಪ್ತಿ. ಗಡಿನಾಡಿನ ಕನ್ನಡದ ಮಕ್ಕಳು ಈ ಕೆಲಸಕ್ಕೆ ಬರಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದರ ಅಗತ್ಯ ಎಷ್ಟಿದೆ ಎಂಬುದನ್ನು ಕೆಲಸದ ನಡುವೆ ದಿನವೂ ಕಾಣುತ್ತೇನೆ.

ಏನನ್ನು ಹುಡುಕಬೇಕು

ಮೊದಲಿಗೆ ಕಲ್ನಾರು. ಕಟ್ಟಡಗಳಲ್ಲಿ ಮುಖ್ಯವಾಗಿ ಮೂರು ಬಗೆಯದು ಸಿಗುತ್ತದೆ: ಬಿಳಿಯ ಕ್ರೈಸೊಟೈಲ್, ಕಂದು ಬಣ್ಣದ ಅಮೋಸೈಟ್, ನೀಲಿಯ ಕ್ರೊಸಿಡೊಲೈಟ್. ನಮ್ಮಲ್ಲಿನ ಸಿಮೆಂಟ್ ಶೀಟುಗಳಲ್ಲಿರುವುದು ಕ್ರೈಸೊಟೈಲ್. ತೂಕದ ಸುಮಾರು ಹತ್ತನೆಯ ಒಂದು ಭಾಗ ಕಲ್ನಾರು, ಉಳಿದದ್ದು ಬಹುಪಾಲು ಸಿಮೆಂಟು. ಹೊಸ ಶೀಟಿನಲ್ಲಿ ಎಳೆಗಳನ್ನು ಸಿಮೆಂಟು ಬಿಗಿಯಾಗಿ ಹಿಡಿದಿರುತ್ತದೆ. ಆದರೆ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಮಳೆಗೂ ಬಿಸಿಲಿಗೂ ಒಡ್ಡಿಕೊಂಡ ಶೀಟಿನ ಮೇಲ್ಮೈ ಸವೆದು ಎಳೆಗಳು ಹೊರಗೆ ಬಂದಿರುತ್ತವೆ. ಇವನ್ನು ಉಸಿರಾಡಿದವರಲ್ಲಿ ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ಒಳಪೊರೆಯ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಬರಬಹುದು. ಮೀಸೋಥೀಲಿಯೋಮ ತಲೆದೋರಲು ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯುತ್ತದೆ. ಇಂದು ಮಾಡು ಕೆರೆದ ಯುವಕನಿಗೆ ನಾಳೆ ಕೆಮ್ಮು ಕೂಡ ಬರುವುದಿಲ್ಲ. ಆದ್ದರಿಂದಲೇ ಇದರ ಅಪಾಯವನ್ನು ಮನವರಿಕೆ ಮಾಡುವುದು ಇಷ್ಟು ಕಷ್ಟ.

ಬ್ರಿಟನ್ 1999ರಲ್ಲಿ ಎಲ್ಲ ಬಗೆಯ ಕಲ್ನಾರನ್ನೂ ನಿಷೇಧಿಸಿತು, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ. ಭಾರತದಲ್ಲಿ ಗಣಿಗಾರಿಕೆಗೆ ತಡೆ ಬಿದ್ದಿದ್ದರೂ ಹೊರದೇಶದಿಂದ ತರಿಸಿದ ಕ್ರೈಸೊಟೈಲ್‌ನಿಂದ ಶೀಟು ತಯಾರಿಸುವುದು ನಿಂತಿಲ್ಲ. ಕೇರಳದ ಮಾನವ ಹಕ್ಕುಗಳ ಆಯೋಗವು 2009ರಲ್ಲಿ ಶಾಲೆಗಳ ಆಸ್ಬೆಸ್ಟಾಸ್ ಮಾಡುಗಳನ್ನು ಹಂತಹಂತವಾಗಿ ತೆಗೆದು ಹಂಚು ಹಾಕಬೇಕೆಂದು ಹೇಳಿತು. ಹೇಳಿದ್ದು ಸರಿಯೇ. ಆದರೆ ತೆಗೆಯುವ ಕ್ರಮ ತಿಳಿದವರಿಲ್ಲದೆ ತೆಗೆದರೆ, ಸುಮ್ಮನೆ ಬಿಟ್ಟಿದ್ದಕ್ಕಿಂತ ಹೆಚ್ಚಿನ ಎಳೆ ಗಾಳಿಗೆ ಸೇರುತ್ತದೆ. ಈ ವೃತ್ತಿಯಲ್ಲಿ ನಾನು ಕಲಿತ ಎಲ್ಲದರ ತಿರುಳು ಇದು: ಕಟ್ಟಡದಲ್ಲಿ ಅಡಗಿ ಕುಳಿತ ವಿಷ ಬಹುಮಟ್ಟಿಗೆ ಕದಡಿದಾಗಲೇ ಮೇಲೇಳುತ್ತದೆ, ಹಾಗಾಗಿ ಕದಡುವವರಿಗಿಂತ ಮೊದಲು ಎಂಜಿನಿಯರ್ ಅಲ್ಲಿಗೆ ತಲುಪಬೇಕು.

ಎರಡನೆಯದು ಸೀಸ. ಹಳೆಯ ತರವಾಡು ಮನೆಗಳ, ಗುತ್ತಿನ ಮನೆಗಳ ಬಾಗಿಲು ದಾರಂದಗಳ ಮೇಲೆ ಏಳೆಂಟು ಪದರ ಎನಾಮಲ್ ಬಣ್ಣ ಇರುವುದುಂಟು. ಮನೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಯಾವ ಎನಾಮಲ್ ಪದರವನ್ನೂ ಪರೀಕ್ಷಿಸದೆ ಸೀಸವಿಲ್ಲದ್ದೆಂದು ತಿಳಿಯಬಾರದು. ಮದುವೆಗೋ ಕೋಲಕ್ಕೋ ಮನೆ ಚಂದ ಮಾಡುವಾಗ ಒಣ ಮರಳು ಕಾಗದದಿಂದ ಉಜ್ಜಿದ ಹುಡಿ ನೆಲದಲ್ಲಿ ಕುಳಿತು, ತೆವಳುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಕಬ್ಬಿಣದ ಕಿಟಕಿ ಸರಳುಗಳ ಅಡಿಬಣ್ಣದ ಬಗ್ಗೆ ಒಂದು ಎಚ್ಚರಿಕೆ: ನಮ್ಮ ಪೇಂಟರುಗಳು ಎಲ್ಲವನ್ನೂ ರೆಡ್ ಆಕ್ಸೈಡ್ ಎನ್ನುತ್ತಾರೆ, ಆದರೆ ಇಟ್ಟಿಗೆ ಕೆಂಪಿನದು ಕಬ್ಬಿಣದ ಆಕ್ಸೈಡ್, ಕಿತ್ತಳೆಯತ್ತ ವಾಲುವ ಹೊಳಪಿನದು ಸೀಸದ ಆಕ್ಸೈಡ್ ಆಗಿರುವ ಸಾಧ್ಯತೆ ಇದೆ. ಕಣ್ಣು ಅನುಮಾನವನ್ನಷ್ಟೇ ಹುಟ್ಟಿಸಬಲ್ಲದು; ನಿರ್ಧಾರ ಉಪಕರಣದ್ದು.

ಮೂರನೆಯದಾದ ಕೀಟನಾಶಕವನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ಎಣ್ಮಕಜೆಯ ಪಡ್ರೆಯಿಂದ ಲೋಕಕ್ಕೆ ತಿಳಿಯಿತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. ಆ ಕಥೆ ಹೇಳುವಾಗ ಗಾಳಿ, ತೋಡು, ಸುರಂಗದ ನೀರು ನೆನಪಾಗುತ್ತವೆ, ಕಟ್ಟಡ ನೆನಪಾಗುವುದಿಲ್ಲ. ಆದರೆ ವಿಷದ ಡ್ರಮ್ಮುಗಳು ವರ್ಷಗಟ್ಟಲೆ ಕುಳಿತದ್ದು ಗೋದಾಮುಗಳಲ್ಲಿ. ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದ ಕೀಟನಾಶಕ ಸೋರಿದರೆ ಕಾಂಕ್ರೀಟ್ ನೆಲ ಅದನ್ನು ಕುಡಿಯುತ್ತದೆ. ಡ್ರಮ್ಮು ಸಾಗಿಸಿದ ಮೇಲೂ ನೆಲ ಹಾಗೆಯೇ ಉಳಿಯುತ್ತದೆ. ದೊಡ್ಡ ಗೋದಾಮಿಗಷ್ಟೇ ಅನ್ವಯಿಸುವ ಮಾತಲ್ಲ ಇದು. ಹಳೆಯ ಕೃಷಿಕರ ಮನೆಯ ಅಟ್ಟದ ಮೂಲೆಯಲ್ಲಿ, ಬತ್ತದ ಪತ್ತಾಯದ ಪಕ್ಕದಲ್ಲಿ, ಈಗ ನಿಷೇಧಗೊಂಡಿರುವ ಕೀಟನಾಶಕ ಬಿಎಚ್‌ಸಿ ಹುಡಿಯ ಪೊಟ್ಟಣವನ್ನು ನಾನೇ ಕಂಡಿದ್ದೇನೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ಟ್ಯೂಬ್‌ಲೈಟು, ಸಿಎಫ್‌ಎಲ್, ಪ್ರಯೋಗಾಲಯದ ಥರ್ಮಾಮೀಟರುಗಳಲ್ಲಿ ಪಾದರಸವಿರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಅದರ ಬಳಕೆಗೆ ಕೇಂದ್ರ ಸರ್ಕಾರದ 2016ರ ಆದೇಶ 2025ರ ಡಿಸೆಂಬರ್ 31ರ ಗಡುವು ಕೊಟ್ಟಿತ್ತು. ಬೂಷ್ಟು ನಮ್ಮೂರಿನ ಪ್ರತಿ ಮನೆಯ ಮಳೆಗಾಲದ ನೆಂಟ, ಅದರ ಮದ್ದು ನೀರು ಸೋರುವ ದಾರಿ ಮುಚ್ಚುವುದು.

ಓದಿನ ದಾರಿ

ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ರಸಾಯನಶಾಸ್ತ್ರವನ್ನು ಬಾಯಿಪಾಠ ಮಾಡಿ ಮುಗಿಸಬೇಡಿ, ಅದು ಕೊನೆಯವರೆಗೂ ಜೊತೆಗೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿಯೇ ಪೊವ್ವಲಿನಲ್ಲಿ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿಗೆ ದಾರಿ ಕೇರಳದ ಪ್ರವೇಶ ಪರೀಕ್ಷೆ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಭಾಗದ ಕನ್ನಡ, ತುಳು ಮನೆಮಾತಿನವರಿಗೆ ಗಡಿನಾಡು ಅಭ್ಯರ್ಥಿಗಳೆಂದು ಅವಕಾಶವಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಆ ವರ್ಷದ ಕೈಪಿಡಿಯಲ್ಲಿ ಓದಿ ಮಾರ್ಚಿಗಿಂತ ಮೊದಲೇ ಮಾಡಿಸಿಟ್ಟುಕೊಳ್ಳಿ. ತಹಸೀಲ್ದಾರರ ಕಚೇರಿಯ ಒಂದು ಮುದ್ರೆಗಾಗಿ ಸೀಟು ಕಳೆದುಕೊಂಡವರನ್ನು ನಾನು ಬಲ್ಲೆ. ಮೈಸೂರಿನ ಎಸ್‌ಜೆಸಿಇಯಲ್ಲಿ ಪರಿಸರ ಎಂಜಿನಿಯರಿಂಗನ್ನೇ ಪದವಿಯ ವಿಷಯವಾಗಿ ಓದಬಹುದು. ಸಿವಿಲ್ ಅಥವಾ ಕೆಮಿಕಲ್ ಓದಿ ಆಮೇಲೆ ಪರಿಸರ ಎಂಜಿನಿಯರಿಂಗಿನಲ್ಲಿ ಎಂ.ಟೆಕ್ ಮಾಡುವುದು ಇನ್ನೊಂದು ದಾರಿ. ನಮಗೆ ಹತ್ತಿರದ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಆ ವ್ಯವಸ್ಥೆ ಇದೆ. ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಬಂದಿದೆ. ಎಂಜಿನಿಯರಿಂಗ್ ಬೇಡವೆನಿಸಿ ವಿಶ್ಲೇಷಣೆಯ ಕಡೆ ಒಲವಿದ್ದವರು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗವನ್ನು ನೋಡಬಹುದು.

ನನ್ನ ಸಲಹೆಯೇನೆಂದರೆ, ಸಿವಿಲ್ ಓದಿ ಬಂದವರಿಗೆ ಈ ಕೆಲಸ ಬೇಗ ಒಗ್ಗುತ್ತದೆ. ಹಳೆಯ ಮಾಡಿನ ಪಕ್ಕಾಸು ಎಷ್ಟು ಭಾರ ತಡೆಯುತ್ತದೆ, ಕೆಂಪುಕಲ್ಲಿನ ಗೋಡೆಯಲ್ಲಿ ನೀರು ಎತ್ತ ಏರುತ್ತದೆ ಎಂಬ ತಿಳುವಳಿಕೆ ಇಲ್ಲದವನು ಕಲ್ನಾರಿನ ಬಗ್ಗೆ ಎಷ್ಟು ಓದಿದ್ದರೂ ಸ್ಥಳದಲ್ಲಿ ತಡವರಿಸುತ್ತಾನೆ. ಪದವಿಯ ಪಠ್ಯದಲ್ಲಿ ಕಟ್ಟಡದ ಕಲ್ನಾರಿಗೆ ಹೆಚ್ಚು ಪುಟ ಸಿಗುವುದಿಲ್ಲ, ಆದ್ದರಿಂದ ನಾಲ್ಕು ಭಾರತೀಯ ಮಾನಕಗಳನ್ನು ನೀವೇ ಓದಿಕೊಳ್ಳಬೇಕು: ಶೀಟುಗಳ ಬಗ್ಗೆ ಐಎಸ್ 459, ಗಾಳಿಯಲ್ಲಿನ ಎಳೆ ಎಣಿಸುವ ಬಗ್ಗೆ ಐಎಸ್ 11450, ತ್ಯಾಜ್ಯದ ವಿಲೇವಾರಿಯ ಬಗ್ಗೆ ಐಎಸ್ 11768, ಸುರಕ್ಷಿತ ಬಳಕೆಯ ಬಗ್ಗೆ ಐಎಸ್ 11769. ಕೊಲ್ಲಿಗೋ ಬ್ರಿಟನ್ನಿಗೋ ಹೋಗುವ ಯೋಚನೆಯಿದ್ದರೆ ಬ್ರಿಟನ್ನಿನ ಔದ್ಯೋಗಿಕ ನೈರ್ಮಲ್ಯ ಸಂಘದ ಪಿ402, ಪಿ403, ಪಿ404 ಪರೀಕ್ಷೆಗಳಿವೆ. ಮೊದಲನೆಯದು ಕಟ್ಟಡ ಪರಿಶೀಲನೆ ಮತ್ತು ಮಾದರಿ ತೆಗೆಯುವುದಕ್ಕೆ, ಎರಡನೆಯದು ಎಳೆಗಳನ್ನು ಎಣಿಸುವುದಕ್ಕೆ, ಮೂರನೆಯದು ಗಾಳಿಯ ಮಾದರಿಗೆ ಮತ್ತು ಕೆಲಸ ಮುಗಿದ ಮೇಲಿನ ತಪಾಸಣೆಗೆ.

ಕಟ್ಟಡವನ್ನು ಪರಿಶೀಲಿಸುವುದು

ಒಂದು ಕಟ್ಟಡದ ಕರೆ ಬಂದರೆ ಚೀಲ ಎತ್ತಿಕೊಂಡು ಓಡಬೇಡಿ. ಅದು ಯಾವಾಗ ಕಟ್ಟಿದ್ದು, ಮಾಡು ಯಾವಾಗ ಬದಲಾಯಿತು, ಎಂದಾದರೂ ಬೆಂಕಿ ಬಿದ್ದಿತ್ತೇ, ಮೊದಲು ಅದು ಬೇರೇನಾಗಿತ್ತು ಎಂದು ಕೇಳಿ ಬರೆದುಕೊಳ್ಳಿ. ಶಾಲೆಯ ಹಳೆಯ ಜಮಾ-ಖರ್ಚಿನ ಪುಸ್ತಕದಲ್ಲಿ ಶೀಟು ಕೊಂಡ ವರ್ಷವೂ ಸಂಖ್ಯೆಯೂ ಸಿಗುವುದುಂಟು. ಊರಿನ ಹಳೆಯ ಆಚಾರಿ ಅಥವಾ ಮೇಸ್ತ್ರಿಯೊಬ್ಬರ ಜೊತೆ ಅರ್ಧ ಗಂಟೆ ಕುಳಿತರೆ ನಕ್ಷೆಯಲ್ಲಿಲ್ಲದ ಸಂಗತಿ ತಿಳಿಯುತ್ತದೆ: ಒಡೆದ ಶೀಟಿನ ತುಂಡುಗಳನ್ನು ಹಾದಿಗೆ ಹಾಕಿದ್ದು, ಬಚ್ಚಲಿನ ಹಿಂದೆ ಹೂತದ್ದು, ಕೋಳಿಗೂಡಿಗೆ ಹೊದೆಸಿದ್ದು.

ಅನಂತರ ಹೊರಗಿನಿಂದ ಒಳಗೆ, ಮೇಲಿನಿಂದ ಕೆಳಗೆ, ಒಂದು ಕೋಣೆಯನ್ನೂ ಬಿಡದೆ ನಡೆಯಬೇಕು. ಬೀಗ ಹಾಕಿದ ಕೋಣೆ ಇದ್ದರೆ ತೆಗೆಸಬೇಕು. ಸಾಧ್ಯವಾಗದಿದ್ದರೆ, ನೋಡಲು ಆಗಲಿಲ್ಲ, ಆದ್ದರಿಂದ ಅಲ್ಲಿ ಕಲ್ನಾರು ಇದೆಯೆಂದೇ ಭಾವಿಸಬೇಕು ಎಂದು ವರದಿಯಲ್ಲಿ ಬರೆಯಬೇಕು. ಶೀಟು, ಮಳೆನೀರಿನ ಪೈಪು, ನೀರಿನ ಟಾಂಕಿ, ವಿದ್ಯುತ್ ಫಲಕದ ಹಿಂದಿನ ಹಲಗೆ, ಬಾಯ್ಲರಿನ ಪೈಪಿಗೆ ಸುತ್ತಿದ ಲೇಪ, ಒಲೆಯ ಬಾಗಿಲಿನ ಹುರಿ, ಅನುಮಾನ ಬಂದ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಫೋಟೋ, ಅಳತೆ, ಸ್ಥಿತಿ. ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟುಗಳೂ ಈಗ ಮಾರುಕಟ್ಟೆಯಲ್ಲಿವೆ, ನೋಡಲು ಒಂದೇ ಬಗೆ. ಹಾಗಾಗಿ ಮಾದರಿ ತೆಗೆಯದೆ ತೀರ್ಪು ಕೊಡಬೇಡಿ.

ಮಾದರಿ ತೆಗೆಯುವ ಎರಡು ನಿಮಿಷಗಳಲ್ಲಿ ನಿಮ್ಮ ಶಿಸ್ತು ಏನೆಂದು ಗೊತ್ತಾಗುತ್ತದೆ. ಫ್ಯಾನು ನಿಲ್ಲಿಸಿ, ಬೇರೆಯವರನ್ನು ಹೊರಗೆ ಕಳುಹಿಸಿ, ಮಾಸ್ಕು ಹಾಕಿ. ಕೈ ಸ್ಪ್ರೇಯಲ್ಲಿ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ. ಸೋಪು ಬೆರೆತ ನೀರು ಎಳೆಗಳ ನಡುವೆ ಇಳಿಯುತ್ತದೆ, ಬರೀ ನೀರು ಮೇಲೆಯೇ ಜಾರುತ್ತದೆ. ಶೀಟಿನ ಮೂಲೆಯನ್ನು ಚೆನ್ನಾಗಿ ನೆನೆಸಿ, ಮೊದಲೇ ಬಿರುಕು ಬಿಟ್ಟಿರುವಲ್ಲಿ ಇಕ್ಕುಳದಿಂದ ನಾಣ್ಯದಷ್ಟು ತುಂಡನ್ನು ಮೆಲ್ಲಗೆ ಮುರಿದು ಚೀಲಕ್ಕೆ ಹಾಕಿ. ಆ ಚೀಲವನ್ನು ಇನ್ನೊಂದು ಚೀಲದೊಳಗಿಡಿ. ಮುರಿದ ಅಂಚಿಗೆ ಬಣ್ಣ ಬಳಿದು ಮುಚ್ಚಿ. ಇಕ್ಕುಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ತ್ಯಾಜ್ಯದ ಚೀಲಕ್ಕೆ ಸೇರಿಸಿ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ, ಅದರಲ್ಲೂ ಈ ಪರೀಕ್ಷೆಗೇ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ; ಅಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಎಳೆಯ ಜಾತಿಯನ್ನು ಗುರುತಿಸುತ್ತಾರೆ.

ಬಣ್ಣಕ್ಕೆ ಎಕ್ಸ್‌ಆರ್‌ಎಫ್ ಎಂಬ, ಕೈಯಲ್ಲಿ ಹಿಡಿದು ಸೀಸ ಅಳೆಯುವ ಉಪಕರಣ ಬಳಸುತ್ತೇವೆ. ಅದು ಎಲ್ಲ ಪದರಗಳನ್ನೂ ಒಟ್ಟಾಗಿ ಓದುವುದರಿಂದ ಮೇಲಿನ ಹೊಸ ಬಣ್ಣ ಕಂಡು ಮೋಸ ಹೋಗುವ ಭಯವಿಲ್ಲ. ಕೀಟನಾಶಕದ ಗೋದಾಮಿನಲ್ಲಿ ಹತ್ತು ಸೆಂಟಿಮೀಟರ್ ಉದ್ದಗಲದ ಚೌಕವನ್ನು ನೆಲದ ಮೇಲೆ ಗುರುತಿಸಿ, ದ್ರಾವಕದಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಿ ಮಾದರಿ ತೆಗೆಯುತ್ತೇವೆ. ಕಲೆ ಬಿದ್ದಲ್ಲಿ ಕಾಂಕ್ರೀಟನ್ನು ಆಳದ ಪ್ರಕಾರ ಕೊರೆದು ಪ್ರತಿ ಪದರವನ್ನೂ ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡುತ್ತೇವೆ. ಎಂಡೋಸಲ್ಫಾನ್ ಹುಡುಕುವಾಗ ಅದರ ಆಲ್ಫಾ, ಬೀಟಾ ರೂಪಗಳ ಜೊತೆಗೆ ಎಂಡೋಸಲ್ಫಾನ್ ಸಲ್ಫೇಟನ್ನೂ ಅಳೆಯುವಂತೆ ಬರೆದು ಕೊಡಿ. ಮೂಲ ವಸ್ತು ಒಡೆದು ಆಗುವ ಈ ಸಲ್ಫೇಟು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಕೇಳದಿದ್ದರೆ ಪ್ರಯೋಗಾಲಯದವರು ಅಳೆಯದೆಯೂ ಇರಬಹುದು.

ಮಾಡು ಇಳಿಸುವ ದಿನ

ನನ್ನ ಮೊದಲ ವರ್ಷದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಒಂದು ಶಾಲೆಯ ಮಾಡು ಇಳಿಸುವ ಬೆಳಗ್ಗೆ ನಾನು ಒಂದು ಸಹಿಗಾಗಿ ಕಚೇರಿಗೆ ಹೋಗಿ ಮುಕ್ಕಾಲು ಗಂಟೆ ತಡವಾಗಿ ಬಂದೆ. ಅಷ್ಟರಲ್ಲಿ ಗುತ್ತಿಗೆದಾರರ ಇಬ್ಬರು ಹುಡುಗರು ಕೆಲಸ ಶುರುಮಾಡಿದ್ದರು. ತುಕ್ಕು ಹಿಡಿದ ಬೋಲ್ಟು ಕಳಚದ್ದರಿಂದ ಶೀಟನ್ನೇ ಸುತ್ತಿಗೆಯಿಂದ ಒಡೆದು, ಮೇಲಿನಿಂದ ಅಂಗಳಕ್ಕೆ ಎಸೆಯುತ್ತಿದ್ದರು. ಅಂಗಳದ ಪಕ್ಕದಲ್ಲೇ ಬಿಸಿಯೂಟದ ಅಡುಗೆಮನೆ, ಅದರ ಕಿಟಕಿ ತೆರೆದೇ ಇತ್ತು. ಬಿಸಿಲಿನ ಕೋಲಿನಲ್ಲಿ ಹುಡಿ ತೇಲುವುದು ನನಗೆ ಗೇಟಿನಿಂದಲೇ ಕಂಡಿತು. ಕೆಲಸ ನಿಲ್ಲಿಸಿದೆವು, ಎಲ್ಲವನ್ನೂ ನೆನೆಸಿದೆವು, ಮೂರು ದಿನ ಅಂಗಳದಲ್ಲಿ ತುಂಡು ಹೆಕ್ಕಿದೆವು, ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ತೊಳೆಸಿದೆವು. ಆ ಇಬ್ಬರು ಹುಡುಗರು ಉಸಿರಾಡಿದ್ದನ್ನು ಮಾತ್ರ ಹಿಂದೆ ಪಡೆಯಲಾಗಲಿಲ್ಲ. ಅಂದಿನಿಂದ ನಾನು ಸ್ಥಳಕ್ಕೆ ಬರುವವರೆಗೆ ಏಣಿಗೆ ಸರಪಳಿ ಹಾಕಿ ಬೀಗ ಹಾಕಿಸುತ್ತೇನೆ, ಬೀಗದ ಕೈ ನನ್ನ ಬಳಿಯೇ ಇರುತ್ತದೆ.

ಕ್ರಮ ಹೀಗೆ. ಶಾಲೆಯಾದರೆ ಏಪ್ರಿಲ್-ಮೇ ತಿಂಗಳ ರಜೆಯಲ್ಲಿ, ಪತ್ತನಾಜೆಗಿಂತ ಮೊದಲು, ಗಾಳಿ ಏಳದ ಬೆಳಗಿನ ಹೊತ್ತಿನಲ್ಲಿ ಕೆಲಸ ಇಟ್ಟುಕೊಳ್ಳಿ. ಸುತ್ತ ಹಗ್ಗ ಕಟ್ಟಿ ಜನ ಬರದಂತೆ ಮಾಡಿ. ಬಾವಿ ಇದ್ದರೆ ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ. ಶೀಟಿನ ಮೇಲೆ ಯಾರೂ ಕಾಲಿಡಕೂಡದು. ಹಳೆಯ ಶೀಟು ಒಡೆದು ಬಿದ್ದು ಸತ್ತವರಿದ್ದಾರೆ, ಕಲ್ನಾರಿನ ರೋಗಕ್ಕಿಂತ ಆ ಸಾವು ಹತ್ತಿರದ್ದು. ಪಕ್ಕಾಸಿನ ಮೇಲೆ ಅಡ್ಡ ಹಲಗೆ ಹಾಕಿಯೋ ಕೆಳಗಿನಿಂದ ಅಟ್ಟಣಿಗೆ ಕಟ್ಟಿಯೋ ಕೆಲಸ ಮಾಡಿಸಿ. ಸೋಪು ನೀರನ್ನು ಮಂಜಿನಂತೆ ಸಿಂಪಡಿಸಿ. ಹೈ ಪ್ರೆಶರ್ ಪೈಪು ಬೇಡ, ಅದು ಎಳೆಗಳನ್ನು ಕಿತ್ತು ಹಾರಿಸುತ್ತದೆ. ಬೋಲ್ಟುಗಳನ್ನು ಕತ್ತರಿಸಬೇಕು, ಶೀಟನ್ನು ಕತ್ತರಿಸಬಾರದು. ಇಡೀ ಶೀಟನ್ನು ಇಬ್ಬರು ಹಿಡಿದು ಮಗುವನ್ನು ಇಳಿಸಿದಂತೆ ಇಳಿಸಿ, 150 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪಿನಿಂದ ಮುಚ್ಚಿ, ಒಳಗೇನಿದೆಯೆಂದು ಕನ್ನಡ, ಮಲಯಾಳ, ಹಿಂದಿಯಲ್ಲಿ ಬರೆಯಿರಿ. ಇಂದು ಏಣಿ ಏರುವವರಲ್ಲಿ ಅನೇಕರು ಬಂಗಾಳ, ಒಡಿಶಾದಿಂದ ಬಂದವರು. ಅವರಿಗೆ ತಿಳಿಯುವ ಭಾಷೆಯಲ್ಲಿ ಹತ್ತು ವಾಕ್ಯ ಹೇಳಲು ಕಲಿಯುವುದು ಯಾವ ಸರ್ಟಿಫಿಕೇಟಿಗಿಂತಲೂ ಕಡಿಮೆಯ ವಿದ್ಯೆಯಲ್ಲ.

ಮಾಸ್ಕಿನ ಬಗ್ಗೆ ರಾಜಿ ಮಾಡಿಕೊಳ್ಳಬೇಡಿ. ಬೈರಾಸು, ಶಸ್ತ್ರಚಿಕಿತ್ಸೆಯ ಮಾಸ್ಕು ಯಾವುದೂ ಎಳೆಯನ್ನು ತಡೆಯುವುದಿಲ್ಲ. ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯದೇ ಬೇಕು, ಅದೂ ಮುಖಕ್ಕೆ ಗಾಳಿಯಾಡದಂತೆ ಕೂರಬೇಕು. ಒಂದು ದಿನದ ಕುರುಚಲು ಗಡ್ಡವಿದ್ದರೂ ಅಂಚಿನಲ್ಲಿ ಸಂದಿ ಉಳಿಯುತ್ತದೆ. ನಂಬಿಕೆಯ ಕಾರಣಕ್ಕೆ ಗಡ್ಡ ಬಿಟ್ಟವರು ನಮ್ಮ ಊರಿನಲ್ಲಿ ಅನೇಕರಿದ್ದಾರೆ. ಅವರಿಗೆ ಗಡ್ಡ ಬೋಳಿಸಲು ಹೇಳುವುದು ತಕ್ಕುದಲ್ಲ. ಬ್ಯಾಟರಿಯಿಂದ ಶುದ್ಧ ಗಾಳಿ ಊದುವ, ತಲೆಯಿಡೀ ಮುಚ್ಚುವ ಹುಡ್ ಕೊಡಿ, ಇಲ್ಲವೇ ನೆಲದ ಮೇಲಿನ ಬೇರೆ ಕೆಲಸ ಕೊಡಿ. ಕೆಲಸದ ಬಟ್ಟೆಯಲ್ಲಿ ಯಾರೂ ಮನೆಗೆ ಹೋಗಬಾರದು. ಬೇರೆ ದೇಶಗಳಲ್ಲಿ, ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೆ ಮೀಸೋಥೀಲಿಯೋಮ ಬಂದದ್ದು ದಾಖಲಾಗಿದೆ.

ಬಾಯ್ಲರ್ ಪೈಪಿನ ಲೇಪದಂಥ, ಕೈಯಲ್ಲಿ ಹಿಚುಕಿದರೆ ಹುಡಿಯಾಗುವ ವಸ್ತುವಾದರೆ ಲೆಕ್ಕ ಬೇರೆ. ಆಗ ಇಡೀ ಜಾಗವನ್ನು ಪ್ಲಾಸ್ಟಿಕ್ ಗೋಡೆಯಿಂದ ಮುಚ್ಚಿ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97 ಹಿಡಿಯುವ ಹೆಪಾ ಶೋಧಕದ ಮೂಲಕ ಗಾಳಿಯನ್ನು ಹೊರಗೆಳೆದು, ಒಳಗಿನ ಒತ್ತಡ ಹೊರಗಿಗಿಂತ ಸುಮಾರು 5 ಪಾಸ್ಕಲ್ ಕಡಿಮೆ ಇರುವಂತೆ ನೋಡಿಕೊಳ್ಳಬೇಕು. ಎಲ್ಲಿಯಾದರೂ ತೂತು ಬಿದ್ದರೆ ಗಾಳಿ ಒಳಕ್ಕೆ ನುಗ್ಗುವುದೇ ಹೊರತು ಎಳೆ ಹೊರಕ್ಕೆ ಹೋಗುವುದಿಲ್ಲ. ಕಾರ್ಮಿಕರು ಹೊರಬರುವ ದಾರಿಯಲ್ಲಿ ಮೂರು ಕೋಣೆ: ಕೊಳೆ ಬಟ್ಟೆ ಕಳಚುವುದು, ಸ್ನಾನ, ಶುದ್ಧ ಬಟ್ಟೆ. ಹಳೆಯ ಆಸ್ಪತ್ರೆ, ಕಾರ್ಖಾನೆ, ಹಡಗು ಒಡೆಯುವ ಅಂಗಳಗಳಲ್ಲಿ ಇದು ಎದುರಾಗುತ್ತದೆ. ನೆರೆಯ ಕಣ್ಣೂರಿನ ಅಳೀಕಲ್‌ನಲ್ಲಿಯೂ ಹಡಗು ಒಡೆಯುವ ಘಟಕವಿದೆ.

ಮುಗಿದ ಮೇಲೆ ಗಾಳಿಯನ್ನು ಅಳೆಯಬೇಕು. ನಿಮಿಷಕ್ಕೆ 8 ಲೀಟರಿನಂತೆ ಒಂದು ಗಂಟೆ ಪಂಪು ಓಡಿಸಿದರೆ 480 ಲೀಟರ್ ಗಾಳಿ 0.8 ಮೈಕ್ರಾನ್ ರಂಧ್ರದ ಶೋಧಕದ ಮೂಲಕ ಹಾಯುತ್ತದೆ. ಆ ಶೋಧಕವನ್ನು ಅಸಿಟೋನ್ ಆವಿಯಿಂದ ಗಾಜಿನಂತೆ ಪಾರದರ್ಶಕಗೊಳಿಸಿ, ಸೂಕ್ಷ್ಮದರ್ಶಕದಡಿ 5 ಮೈಕ್ರಾನಿಗಿಂತ ಉದ್ದವಾದ, ಅಗಲದ ಮೂರು ಪಟ್ಟಿಗಿಂತ ಹೆಚ್ಚು ಉದ್ದವಿರುವ ಎಳೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಬ್ರಿಟನ್ನಿನ ಪದ್ಧತಿಯಲ್ಲಿ ಮಿಲಿಲೀಟರಿಗೆ 0.01 ಎಳೆಗಿಂತ ಕಡಿಮೆ ಬಂದರೆ ಮಾತ್ರ ಕೋಣೆ ತೆರೆಯಬಹುದು. ನಾನು ಅದನ್ನೇ ಪಾಲಿಸುತ್ತೇನೆ. ಅದಕ್ಕೂ ಮೊದಲು ಕತ್ತಲು ಮಾಡಿ, ಟಾರ್ಚನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ನೋಡಿ: ಹುಡಿ ಉಳಿದಿದ್ದರೆ ನೆರಳು ಬೀಳುತ್ತದೆ.

ತೆಗೆದದ್ದು ಎಲ್ಲಿಗೆ

ಕಾಸರಗೋಡಿನವರಿಗೆ ಅತ್ಯಂತ ಕಷ್ಟದ ಪ್ರಶ್ನೆ ಇದು. ಅಪಾಯಕಾರಿ ತ್ಯಾಜ್ಯವನ್ನು ಭದ್ರವಾಗಿ ಹೂಳುವ ಕೇರಳದ ಕೇಂದ್ರ ಕೊಚ್ಚಿಯ ಹತ್ತಿರದ ಅಂಬಲಮೇಡಿನಲ್ಲಿದೆ, ಇಲ್ಲಿಂದ ಸುಮಾರು 400 ಕಿಲೋಮೀಟರ್ ದೂರ. ಮಂಗಳೂರು ಕೈಗೆಟುಕುವಷ್ಟು ಹತ್ತಿರವಿದ್ದರೂ, ಗಡಿ ದಾಟಿಸಿ ಕರ್ನಾಟಕದ ದಾಬಸ್‌ಪೇಟೆಯ ಕೇಂದ್ರಕ್ಕೆ ಕಳುಹಿಸಬೇಕಾದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳ ಒಪ್ಪಿಗೆ ಬೇಕು. ಗಡಿಯ ತಲಪಾಡಿ ದಾಟುವ ಲಾರಿಯಲ್ಲಿ ನಮೂನೆ 10ರ ಸಾಗಣೆ ಪತ್ರ ಇರಲೇಬೇಕು. ಕೆಲಸ ಶುರುಮಾಡುವ ಮೊದಲೇ ಮಂಡಳಿಗೆ ಬರೆದು, ಎಲ್ಲಿಗೆ, ಯಾವ ಬಗೆಯ ತ್ಯಾಜ್ಯವೆಂದು ಲಿಖಿತ ಉತ್ತರ ಪಡೆಯಿರಿ. ನಿಯಮದಲ್ಲಿ ತ್ಯಾಜ್ಯವನ್ನು ಇಟ್ಟುಕೊಳ್ಳಲು ಇರುವ ಅವಧಿ 90 ದಿನ, ಉತ್ತರ ಬರಲು ಅದಕ್ಕಿಂತ ಹೆಚ್ಚು ದಿನ ಹಿಡಿದದ್ದನ್ನೂ ನೋಡಿದ್ದೇನೆ. ಸಾಗಣೆಯ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸಿ. ಅದನ್ನು ಒಳಗೊಳಗೇ ಸೇರಿಸಿದರೆ ಗುತ್ತಿಗೆದಾರರು ಅದನ್ನೇ ಮೊದಲು ಕತ್ತರಿಸುತ್ತಾರೆ, ಶೀಟು ಯಾವುದೋ ಕೆಂಪುಕಲ್ಲಿನ ಹಳೆಯ ಪಣೆಗೆ ಸೇರುತ್ತದೆ.

ಉದ್ಯೋಗ, ಮತ್ತು ನಿಮ್ಮದೇ ದೇಹ

ಮಾಲಿನ್ಯ ನಿಯಂತ್ರಣ ಮಂಡಳಿಗಳು, ಪರಿಸರ ಸಲಹಾ ಸಂಸ್ಥೆಗಳು, ಪ್ರಯೋಗಾಲಯಗಳು, ದೊಡ್ಡ ಕಾರ್ಖಾನೆಗಳ ಸುರಕ್ಷಾ ವಿಭಾಗಗಳು, ಗುಜರಾತಿನ ಅಲಂಗ್‌ನ ಹಡಗು ಒಡೆಯುವ ಅಂಗಳಗಳು ಇವೆಲ್ಲ ಕೆಲಸದ ಜಾಗಗಳು. ಕೊಲ್ಲಿಯಲ್ಲಿಯೂ ಬೇಡಿಕೆ ಇದೆ. ಊರಿನಲ್ಲೇ ನಿಲ್ಲುವವರಿಗೆ ಬರೀ ಕಲ್ನಾರಿನ ಕೆಲಸದಿಂದ ಮೊದಲ ವರ್ಷಗಳಲ್ಲಿ ಹೊಟ್ಟೆ ತುಂಬುವುದು ಕಷ್ಟ. ನೀರಿನ ಪರೀಕ್ಷೆ, ಕೊಳಚೆ ನೀರಿನ ಘಟಕಗಳ ವಿನ್ಯಾಸವನ್ನೂ ಜೊತೆಗಿಟ್ಟುಕೊಳ್ಳಿ ಎಂದು ನೇರವಾಗಿ ಹೇಳುತ್ತೇನೆ.

ಕೆಲಸಕ್ಕೆ ಸೇರುವ ಮೊದಲೇ ಎದೆಯ ಎಕ್ಸ್‌ರೇ ಮತ್ತು ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ, ಆಮೇಲೆ ಕಾಲಕಾಲಕ್ಕೆ ಮಾಡಿಸಿ. ಸುಪ್ರೀಂ ಕೋರ್ಟ್ 1995ರ ಜನವರಿ 27ರ ತೀರ್ಪಿನಲ್ಲಿ ಕಲ್ನಾರಿನ ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಹೇಳಿ, ಅವರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ 15 ವರ್ಷದ ತನಕ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಆ ತೀರ್ಪಿನ ಹಿಂದೆ ದೊಡ್ಡ ಕಾರ್ಖಾನೆಗಳ ಕಾರ್ಮಿಕರಿದ್ದರು. ಮಾಡು ಇಳಿಸಲು ಒಂದು ದಿನಕ್ಕೆ ಬಂದು ಹೋಗುವ ಹುಡುಗನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆದ್ದರಿಂದ ನಾನು ಪ್ರತಿ ಕೆಲಸಕ್ಕೂ ಒಂದು ದಪ್ಪ ರಟ್ಟಿನ ನೋಟುಪುಸ್ತಕ ಇಟ್ಟಿದ್ದೇನೆ: ಹೆಸರು, ಊರು, ದಿನ, ಎಷ್ಟು ಗಂಟೆ, ಯಾವ ಮಾಸ್ಕು. ಅದರ ಒಂದು ಪ್ರತಿಯನ್ನು ಆತನ ಕೈಗೇ ಕೊಟ್ಟು, ಮುಂದೆ ಎಂದಾದರೂ ಉಸಿರಾಟದ ತೊಂದರೆಯೆಂದು ವೈದ್ಯರ ಬಳಿ ಹೋದಾಗ ಇದನ್ನು ತೋರಿಸಬೇಕೆಂದು ಹೇಳುತ್ತೇನೆ.

ಕಟ್ಟಡದ ಮಾಲೀಕರಿಗೆ ಕೊಡುವ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಕಚೇರಿಯ ಪತ್ರಗಳು ಮಲಯಾಳದಲ್ಲಿ. ಎರಡನ್ನೂ ಓದಲಾಗದ ಅಜ್ಜಿಯೊಬ್ಬರು ಆ ಮನೆಯಲ್ಲಿ ದಿನಾ ಅಂಗಳ ಗುಡಿಸುತ್ತಿರುತ್ತಾರೆ. ಅದಕ್ಕೇ ವರದಿಯ ಮೊದಲ ಪುಟವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ: ಕಲ್ನಾರು ಎಲ್ಲೆಲ್ಲಿದೆ, ಯಾವುದನ್ನು ಮುಟ್ಟಬಾರದು, ಮಾಡಿನ ಪಾಚಿಯನ್ನು ಕೆರೆಯುವ ಮೊದಲು ಯಾರಿಗೆ ಫೋನು ಮಾಡಬೇಕು. ಆ ಪುಟವನ್ನು ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನಾನೇ ಸಿಕ್ಕಿಸಿ ಬರುತ್ತೇನೆ.